ಟರ್ಬೊ ಕಾರಿಗೆ ಮನೆಯಲ್ಲೇ ಪರ್ಫಾರ್ಮೆನ್ಸ್ ಭಾಗಗಳ ಜೋಡಣೆ: ಗಾಳಿ ಸೋರದ ಹಾಗೆ ಕೆಲಸ ಮುಗಿಸುವ ಸಮಗ್ರ ಮಾರ್ಗದರ್ಶಿ

30 ಡಿಗ್ರಿ ಸೆಲ್ಸಿಯಸ್ ಇರುವ ಗಾಳಿಯನ್ನು ಟರ್ಬೊ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೊಗೆಯ ಬಲದಿಂದ ಒತ್ತುವ ಯಂತ್ರ) 1 ಬಾರ್ ಬೂಸ್ಟಿಗೆ, ಅಂದರೆ ಹೊರಗಿನ ಒತ್ತಡಕ್ಕಿಂತ 1 ಬಾರ್ ಹೆಚ್ಚಿಗೆ, ಒತ್ತಿತು ಎಂದುಕೊಳ್ಳಿ. ಒತ್ತಡ ಹೊರಗಿನದರ ಎರಡು ಪಟ್ಟಾಯಿತು. ಟರ್ಬೊದಲ್ಲಿ ಗಾಳಿ ಒತ್ತುವ ಭಾಗವಾದ ಕಂಪ್ರೆಸರಿನ ದಕ್ಷತೆ ಶೇ 70 ಇದ್ದರೆ ಆ ಗಾಳಿ ಹೊರಬೀಳುವಾಗ ಸುಮಾರು 125 ಡಿಗ್ರಿ ಮುಟ್ಟಿರುತ್ತದೆ. ಅದನ್ನು ಇಂಟರ್‌ಕೂಲರ್ 50 ಡಿಗ್ರಿಗೆ ಇಳಿಸಿದರೆ, ಒತ್ತಡ ಅಷ್ಟೇ ಇದ್ದರೂ, ಅದೇ ಸಿಲಿಂಡರಿನಲ್ಲಿ ಶೇ 20ಕ್ಕಿಂತ ಹೆಚ್ಚು ಗಾಳಿ ಹಿಡಿಸುತ್ತದೆ. ಗಾಳಿ ತಣ್ಣಗಿದ್ದಷ್ಟೂ ಎಂಜಿನ್ ನಾಕ್ ಹೊಡೆಯುವ (ಸಿಲಿಂಡರಿನಲ್ಲಿ ಮಿಶ್ರಣ ಹಿಡಿತ ತಪ್ಪಿ ತಾನಾಗಿ ಸಿಡಿಯುವ) ಅಪಾಯವೂ ಕಡಿಮೆ. ಟರ್ಬೊ ಕಾರಿನ ಬಲ ಹೆಚ್ಚಿಸುವ ಕೆಲಸದ ಬಹುಪಾಲು ಲೆಕ್ಕಾಚಾರ ಇಷ್ಟರಲ್ಲೇ ಇದೆ: ಹೆಚ್ಚು ಗಾಳಿ ಒಳಗೆ ಹೋಗಬೇಕು, ತಣ್ಣಗೆ ಹೋಗಬೇಕು, ಹೊಗೆ ಸರಾಗವಾಗಿ ಹೊರಬರಬೇಕು, ನಡುವೆ ಎಲ್ಲೂ ಸೋರಬಾರದು.

ಆ ಕೊನೆಯ ಮಾತನ್ನೇ ಹೆಚ್ಚಿನವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಏರ್ ಫಿಲ್ಟರಿನಿಂದ ಟರ್ಬೊ, ಅಲ್ಲಿಂದ ಬಿಸಿ ಗಾಳಿಯ ಪೈಪು, ಇಂಟರ್‌ಕೂಲರ್, ತಣ್ಣನೆ ಗಾಳಿಯ ಪೈಪು, ಗಾಳಿಯ ಹರಿವು ನಿಯಂತ್ರಿಸುವ ಥ್ರಾಟಲ್, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್. ಈ ದಾರಿಯಲ್ಲಿ ಹತ್ತಾರು ಕೀಲುಗಳಿವೆ. ನೀವು ಭಾಗ ಬದಲಿಸಿದಾಗಲೆಲ್ಲ ಅವುಗಳಲ್ಲಿ ಕೆಲವನ್ನು ಬಿಚ್ಚಿ ಮತ್ತೆ ಕೂಡಿಸುತ್ತೀರಿ. ಒಂದು ಕ್ಲ್ಯಾಂಪ್ ಓರೆಯಾಗಿ ಕೂತರೂ ಸಾಕು, ದುಬಾರಿ ಭಾಗ ಹಾಕಿಯೂ ಕಾರು ಮೊದಲಿಗಿಂತ ಸೊರಗುತ್ತದೆ. ಹಾಗಾಗಿ ಈ ಬರಹದಲ್ಲಿ ಸೋರಿಕೆ ಪರೀಕ್ಷೆಗೆ ಮತ್ತು ಇಂಟರ್‌ಕೂಲರಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಇಲ್ಲಿ ಹೇಳುವುದೆಲ್ಲ ಪೆಟ್ರೋಲ್ ಟರ್ಬೊ ಎಂಜಿನ್ನಿಗೆ. ಡೀಸೆಲ್ಲಿನಲ್ಲಿ ಬ್ಲೋ-ಆಫ್ ವಾಲ್ವ್ (ಆಕ್ಸಿಲರೇಟರ್ ಬಿಟ್ಟಾಗ ಪೈಪಿನಲ್ಲಿ ಉಳಿದ ಒತ್ತಡದ ಗಾಳಿಯನ್ನು ಬಿಡುವ ವಾಲ್ವ್), ನಾಕ್ ಮುಂತಾದ ಸಂಗತಿಗಳು ಹೀಗೇ ಅನ್ವಯಿಸುವುದಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ಮಾರುಕಟ್ಟೆಯಲ್ಲಿ ಸ್ಟೇಜ್ 1, ಸ್ಟೇಜ್ 2, ಸ್ಟೇಜ್ 3 ಎಂದು ಮಾರುತ್ತಾರೆ. ಸಾಮಾನ್ಯವಾಗಿ ಸ್ಟೇಜ್ 1 ಎಂದರೆ ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುವಿನ ಮ್ಯಾಪ್ (ಅದರೊಳಗಿನ ಸೂಚನೆಗಳ ಪಟ್ಟಿ) ಮಾತ್ರ ಬದಲಿಸುವುದು. ಸ್ಟೇಜ್ 2 ಎಂದರೆ ಜೊತೆಗೆ ಟರ್ಬೊದಿಂದ ಹೊಗೆ ಹೊರಗೊಯ್ಯುವ ಡೌನ್‌ಪೈಪ್, ಇಂಟರ್‌ಕೂಲರ್, ಇಂಟೇಕ್. ಸ್ಟೇಜ್ 3 ಎಂದರೆ ಟರ್ಬೊವನ್ನೇ ದೊಡ್ಡದು ಮಾಡುವುದು. ಇವಕ್ಕೆ ಒಂದೇ ಅಳತೆಗೋಲಿಲ್ಲ. ಒಬ್ಬ ತಯಾರಕರ ಸ್ಟೇಜ್ 2 ಇನ್ನೊಬ್ಬರ ಸ್ಟೇಜ್ 1 ಆಗಿರಬಹುದು. ಹೆಸರು ಬಿಟ್ಟು ಪೆಟ್ಟಿಗೆಯೊಳಗೆ ಏನೇನಿದೆ ಎಂದು ಓದಿ.

ನಾನು ಹೇಳುವ ಕ್ರಮ ಇದು. ಮೊದಲು ಎಂಜಿನ್ನಿನ ಆರೋಗ್ಯ ನೋಡಿ, ಬಾಕಿ ಸರ್ವಿಸ್ ಮುಗಿಸಿ. ಎರಡನೆಯದು ಬೂಸ್ಟ್ ಗೇಜ್, ಇಲ್ಲವೇ ಕಾರಿನ ಕಂಪ್ಯೂಟರನ್ನು ಓದುವ ಓಬಿಡಿ ರೀಡರಿನಿಂದ ಲಾಗ್ (ಎಂಜಿನ್ನಿನ ಅಂಕಿಗಳ ದಾಖಲೆ) ತೆಗೆಯುವ ವ್ಯವಸ್ಥೆ. ಮೂರನೆಯದು ಇಂಟರ್‌ಕೂಲರ್. ಇದು ಎಂಜಿನ್ನಿಗೆ ಹೊಸ ಹೊರೆ ಹೇರದೆ ರಕ್ಷಣೆ ಕೊಡುವ ಭಾಗ. ಅದಾದ ಮೇಲೆ ಡೌನ್‌ಪೈಪ್, ಮತ್ತು ಅದಕ್ಕೆ ತಕ್ಕ ಟ್ಯೂನ್ (ಮ್ಯಾಪ್ ಬದಲಾವಣೆ). ಇಂಟೇಕ್ ಕೊನೆಗೆ ಬಂದರೂ ನಡೆಯುತ್ತದೆ. ಅನೇಕ ಕಾರುಗಳಲ್ಲಿ ಕಂಪನಿ ಕೊಟ್ಟ ಏರ್ ಬಾಕ್ಸೇ ಸಾಕಷ್ಟು ಚೆನ್ನಾಗಿರುತ್ತದೆ.

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಎಲ್ಲವನ್ನೂ ಒಂದೇ ವಾರಾಂತ್ಯದಲ್ಲಿ ಹಾಕಿ, ಮರುದಿನ ಎಂಜಿನ್ ಚೆಕ್ ಲೈಟ್ ಹೊತ್ತಿಕೊಂಡರೆ ಯಾವುದನ್ನು ಶಂಕಿಸುತ್ತೀರಿ?

ಕೊಳ್ಳುವ ಮುನ್ನವೇ ಇತ್ಯರ್ಥವಾಗಬೇಕಾದ ವಿಷಯ ಒಂದಿದೆ. ರಸ್ತೆಯಲ್ಲಿ ಓಡುವ ಕಾರಿನಿಂದ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವುದು ಬಹಳಷ್ಟು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಕಾನೂನು ಬಿಟ್ಟು ನೋಡಿದರೂ, ಆ ಹೊಗೆಯನ್ನು ಕುಡಿಯುವವರು ರಸ್ತೆಯ ಮೇಲಿನ ಜನ. ಹೆಚ್ಚು ಹರಿವಿನ ಕ್ಯಾಟ್ ಇರುವ ಡೌನ್‌ಪೈಪನ್ನೇ ಆರಿಸಿ. ಅದು ನಿಮ್ಮಲ್ಲಿ ಊರ್ಜಿತವೇ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ದಿನ ಕ್ಲೇಮಿಗೆ ಅಡ್ಡ ಬರಬಹುದು, ವಾರಂಟಿಗೂ ತೊಡಕಾಗಬಹುದು.

ಭಾಗ ತರುವ ಮುನ್ನ ಎಂಜಿನ್ ಹೇಗಿದೆ?

ಸಣ್ಣ ಕಾಯಿಲೆ ಇರುವ ಎಂಜಿನ್ ಹೆಚ್ಚು ಬೂಸ್ಟಿನಲ್ಲಿ ದೊಡ್ಡ ಕಾಯಿಲೆ ತೋರಿಸುತ್ತದೆ. ಕಂಪ್ರೆಷನ್ ಪರೀಕ್ಷೆ ಮಾಡಿ: ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಭಾಗ ಕೊಳ್ಳುವ ಯೋಚನೆ ಅಲ್ಲಿಗೇ ನಿಲ್ಲಿಸಿ, ಕಾರಣ ಹುಡುಕಿ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಅದರ ತುದಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಒಳ್ಳೆಯದು. ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಚಿಮುಕಿಸಿದಂತೆ ಸಣ್ಣ ಚುಕ್ಕೆಗಳಿದ್ದರೆ ಆ ಸಿಲಿಂಡರಿನಲ್ಲಿ ನಾಕ್ ಆಗಿದೆ ಎಂಬ ಸುಳಿವು.

ಬೂಸ್ಟ್ ಹೆಚ್ಚಿಸುವ ಯೋಜನೆಯಿದ್ದರೆ ಪ್ಲಗ್ ಗ್ಯಾಪನ್ನು ಟ್ಯೂನರ್ ಹೇಳಿದಷ್ಟಕ್ಕೆ ತರಬೇಕು. ಬಲ ಹೆಚ್ಚಿಸಿದ ಅನೇಕ ಎಂಜಿನ್ನುಗಳು 0.6ರಿಂದ 0.7 ಮಿ.ಮೀ. ಗ್ಯಾಪಿನಲ್ಲಿ ಓಡುತ್ತವೆ. ದಟ್ಟವಾದ ಗಾಳಿಯಲ್ಲಿ ಅಗಲ ಗ್ಯಾಪನ್ನು ಕಿಡಿ ದಾಟಲಾರದೆ ಮಿಸ್‌ಫೈರ್ ಆಗುತ್ತದೆ.

ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ. ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಸಾಮಾನ್ಯವಾಗಿ ಮೈನಸ್ 0.6ರಿಂದ 0.7 ಬಾರ್ ಆಸುಪಾಸಿನಲ್ಲಿ, ಮುಳ್ಳು ಕದಲದೆ ನಿಲ್ಲುತ್ತದೆ. ಫ್ಯುಯೆಲ್ ಟ್ರಿಮ್ಮನ್ನೂ, ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿಯನ್ನೂ, ಬರೆದುಕೊಳ್ಳಿ. ಅದು ಪ್ಲಸ್ ಮೈನಸ್ ಶೇ 5ರ ಒಳಗಿದ್ದರೆ ಚಿಂತೆಯಿಲ್ಲ. ಐಡಲ್‌ನಲ್ಲಿ ಪ್ಲಸ್ ಶೇ 10 ದಾಟಿದ್ದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿರಬಹುದು. ಇವು ನಿಮ್ಮ ಮೂಲ ಅಂಕಿಗಳು. ಕೆಲಸ ಮುಗಿದ ಮೇಲೆ ಹೋಲಿಸಲು ಬೇರೇನೂ ಸಿಗುವುದಿಲ್ಲ.

ಜಾಗ ಮತ್ತು ಸಾಮಾನು

ಸಮತಟ್ಟಾದ, ಗಟ್ಟಿಯಾದ ಕಾಂಕ್ರೀಟ್ ನೆಲ ಬೇಕು. ಮಣ್ಣು, ಜಲ್ಲಿ, ಇಳಿಜಾರು ಆಗುವುದಿಲ್ಲ. ಹಿಂದಿನ ಚಕ್ರಗಳಿಗೆ ಎರಡೂ ಬದಿ ಅಡ್ಡಗಟ್ಟೆ ಇಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಕಾರಿನ ಕೈಪಿಡಿ ತೋರಿಸಿದ ಜಾಗದಲ್ಲೇ ಜಾಕ್ ಕೊಡಿ, ಆಮೇಲೆ ಭಾರವನ್ನು ಜಾಕ್ ಸ್ಟ್ಯಾಂಡಿನ ಮೇಲೆ ಇಳಿಸಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಹೈಡ್ರಾಲಿಕ್ ಜಾಕಿನ ಒಂದು ಸೀಲ್ ಕೈಕೊಟ್ಟರೆ ಕಾರು ಕ್ಷಣದಲ್ಲಿ ಕುಸಿಯುತ್ತದೆ. ಸ್ಟ್ಯಾಂಡ್ ಕೊಟ್ಟ ಮೇಲೆ ಕಾರನ್ನು ಪಕ್ಕದಿಂದ ಜೋರಾಗಿ ಅಲುಗಾಡಿಸಿ. ಅಲ್ಲಾಡುವುದಿದ್ದರೆ ನೀವು ಹೊರಗಿರುವಾಗಲೇ ಅಲ್ಲಾಡಲಿ.

ಸಾಕೆಟ್ ಸೆಟ್, ಉದ್ದದ ಎಕ್ಸ್‌ಟೆನ್ಶನ್, ಟಾರ್ಕ್ ರೆಂಚ್, ಪ್ಲಾಸ್ಟಿಕ್ ಕ್ಲಿಪ್ ಎಬ್ಬಿಸುವ ಉಪಕರಣ, ತುಕ್ಕು ಬಿಡಿಸುವ ಪೆನೆಟ್ರೇಟಿಂಗ್ ಆಯಿಲ್, ಬ್ರೇಕ್ ಕ್ಲೀನರ್, ಹೆಡ್ ಟಾರ್ಚ್, ಸಣ್ಣ ಕನ್ನಡಿ, ಮ್ಯಾಗ್ನೆಟ್ ಕಡ್ಡಿ, ಕನ್ನಡಕ, ಗ್ಲೌಸ್. ಡೌನ್‌ಪೈಪಿಗೆ ಕೈಹಾಕುವವರಿಗೆ 22 ಮಿ.ಮೀ.ನ ಸೀಳಿರುವ ಆಕ್ಸಿಜನ್ ಸೆನ್ಸರ್ ಸಾಕೆಟ್ ಬೇಕೇ ಬೇಕು. ಬಿಚ್ಚಿದ ಬೋಲ್ಟುಗಳನ್ನು ಹಂತಹಂತವಾಗಿ ಬೇರೆ ಬೇರೆ ಡಬ್ಬಿಗೆ ಹಾಕಿ, ಡಬ್ಬಿಯ ಮೇಲೆ ಬರೆಯಿರಿ. ಬಿಚ್ಚುವ ಮುನ್ನ ಪ್ರತಿ ಜಾಗದ ಫೋಟೊ ತೆಗೆಯಿರಿ. ಮುಖ್ಯವಾಗಿ ವ್ಯಾಕ್ಯೂಮ್ ಹೋಸುಗಳದ್ದು.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ 10 ನಿಮಿಷ ಬಿಡಿ. ಮುಂದಿನ ಬಂಪರಿನ ಹಿಂದೆ ಏರ್‌ಬ್ಯಾಗಿನ ಸೆನ್ಸರುಗಳಿರುತ್ತವೆ.

ಸೋರಿಕೆ ಪರೀಕ್ಷೆ: ಮೊದಲೂ ಒಮ್ಮೆ, ಕೊನೆಗೂ ಒಮ್ಮೆ

ಏನನ್ನೂ ಬಿಚ್ಚುವ ಮುನ್ನ, ಕಾರು ಈಗ ಇರುವ ಸ್ಥಿತಿಯಲ್ಲೇ ಒಮ್ಮೆ ಪರೀಕ್ಷೆ ಮಾಡಿ. ಹಳೆಯ ಸೋರಿಕೆ ಮೊದಲೇ ಗೊತ್ತಾದರೆ ಹೊಸ ಭಾಗವನ್ನು ಸುಮ್ಮನೆ ದೂರುವುದು ತಪ್ಪುತ್ತದೆ.

ಟರ್ಬೊದ ಬಾಯಿಗೆ ಬರುವ ಇಂಟೇಕ್ ಪೈಪನ್ನು ಒಳಹೋಗುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರಿನ ನಂತರದ ಜಾಗದಲ್ಲಿ ಬಿಚ್ಚಿ. ಅಲ್ಲಿಗೆ ಸರಿಯಾದ ಅಳತೆಯ ಟೆಸ್ಟರ್ ಕೂಡಿಸಿ. ಟೆಸ್ಟರ್ ಎಂದರೆ ಒಂದು ಬದಿ ಮುಚ್ಚಿದ, ಬಟ್ಟಲಿನಂಥ (ಕಪ್) ತುಂಡು, ಅದರ ನಡುವೆ ಟಯರಿಗೆ ಇರುವಂಥ ವಾಲ್ವ್. ಎಂಜಿನ್ನಿನ ಕೆಳಭಾಗದ (ಕ್ರ್ಯಾಂಕ್‌ಕೇಸ್) ಆವಿ ಹೊರಬಿಡುವ ಬ್ರೀದರ್ ಹೋಸ್ ಈ ಇಂಟೇಕ್ ಪೈಪಿಗೆ ಸೇರುತ್ತಿದ್ದರೆ ಅದನ್ನು ಅಲ್ಲಿಂದ ಬಿಡಿಸಿ, ಪೈಪಿನ ತೂತನ್ನು ರಬ್ಬರ್ ಬಿರಡೆಯಿಂದ ಮುಚ್ಚಿ. ಆಯಿಲ್ ಹಾಕುವ ಮುಚ್ಚಳ ತೆಗೆದಿಡಿ. ಇಷ್ಟು ಮಾಡದಿದ್ದರೆ ಗಾಳಿ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಎಂಜಿನ್ನಿನ ಆಯಿಲ್ ಸೀಲುಗಳನ್ನೇ ಹೊರದಬ್ಬಬಹುದು.

ಟಯರಿಗೆ ಗಾಳಿ ತುಂಬುವಂಥ ಏರ್ ಕಂಪ್ರೆಸರನ್ನು ಟೆಸ್ಟರಿನ ವಾಲ್ವಿಗೆ ಜೋಡಿಸಿ, (14.5 ಪಿಎಸ್‌ಐ ಎಂದರೆ 1 ಬಾರ್) ಅದರ ರೆಗ್ಯುಲೇಟರನ್ನು ಮೊದಲು 5 ಪಿಎಸ್‌ಐಗೆ ಇಡಿ. ನಿಧಾನಕ್ಕೆ 10, ಆಮೇಲೆ 15ಕ್ಕೆ ಏರಿಸಿ. ನಿಮ್ಮ ಕಾರಿನ ಸಾಮಾನ್ಯ ಬೂಸ್ಟ್ ಎಷ್ಟೋ ಅದನ್ನು ಮೀರುವ ಅಗತ್ಯವಿಲ್ಲ. ಟೆಸ್ಟರ್ ಕಪ್ಪಿನ ನೇರಕ್ಕೆ ಮುಖ ಒಡ್ಡಿ ನಿಲ್ಲಬೇಡಿ. ಕ್ಲ್ಯಾಂಪ್ ಜಾರಿದರೆ ಅದು ಗುಂಡಿನಂತೆ ಚಿಮ್ಮುತ್ತದೆ.

ಈಗ ಸುಮ್ಮನೆ ನಿಂತು ಕೇಳಿ. ದೊಡ್ಡ ಸೋರಿಕೆ ಬುಸುಗುಡುತ್ತದೆ. ಸಣ್ಣದನ್ನು ಹುಡುಕಲು ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಪ್ರತಿ ಕೀಲಿಗೂ ಹೊಡೆಯಿರಿ: ಪೈಪುಗಳನ್ನು ಕೂಡಿಸುವ ಮೆತ್ತನೆಯ ಕಪ್ಲರುಗಳ ಎರಡೂ ಅಂಚು, ಇಂಟರ್‌ಕೂಲರಿನ ವೆಲ್ಡ್ ಅಂಚುಗಳು, ಬ್ಲೋ-ಆಫ್ ವಾಲ್ವಿನ ಸುತ್ತ, ಥ್ರಾಟಲ್ ಬಾಡಿಯ ಗ್ಯಾಸ್ಕೆಟ್, ಮ್ಯಾನಿಫೋಲ್ಡಿನ ಅಂಚು, ಸಣ್ಣ ವ್ಯಾಕ್ಯೂಮ್ ಹೋಸುಗಳ ತುದಿ. ಕೀಲಿನ ಕೆಳಭಾಗ ನೋಡಲು ಕನ್ನಡಿ ಹಿಡಿಯಿರಿ. ಮೇಲಿಂದ ನೋಡಿದರೆ ಒಣಗಿದಂತೆ ಕಾಣುವ ಕಪ್ಲರಿನ ಅಡಿಯಲ್ಲಿ, ಕ್ಲ್ಯಾಂಪಿನ ಸ್ಕ್ರೂ ಕೂತ ಜಾಗದ ಹತ್ತಿರ, ಅಕ್ಕಿ ಕಾಳಿನಷ್ಟು ಗಾತ್ರದ ಗುಳ್ಳೆಗಳು ಒಂದರ ಬೆನ್ನಿಗೊಂದು ಎದ್ದು ಸಾಲಾಗಿ ಇಳಿಯುತ್ತಿರುವುದು ಕನ್ನಡಿಯಲ್ಲಿ ಮಾತ್ರ ಕಾಣುತ್ತದೆ. ಕ್ಲ್ಯಾಂಪಿನ ಪಟ್ಟಿ ಅಲ್ಲಿ ತುಸು ಎದ್ದಿರುವುದರಿಂದ ಒತ್ತಡ ಸುತ್ತಲೂ ಸಮನಾಗಿ ಬಿದ್ದಿರುವುದಿಲ್ಲ.

ಒತ್ತಡ ಪೂರ್ತಿ ನಿಲ್ಲಬೇಕೆಂದು ನಿರೀಕ್ಷಿಸಬೇಡಿ. ಯಾವುದೋ ಸಿಲಿಂಡರಿನ ವಾಲ್ವ್ ತೆರೆದಿದ್ದು ಗಾಳಿ ಸೈಲೆನ್ಸರಿನ ಕಡೆಗೋ ಪಿಸ್ಟನ್ ರಿಂಗ್ ದಾಟಿ ಆಯಿಲ್ ಮುಚ್ಚಳದ ಕಡೆಗೋ ನಿಧಾನಕ್ಕೆ ಹೋಗುತ್ತಿರುತ್ತದೆ. ಸೈಲೆನ್ಸರಿನಿಂದ ಜೋರು ಗಾಳಿ ಬಂದರೆ ಕ್ರ್ಯಾಂಕನ್ನು ಎಂಜಿನ್ ತಿರುಗುವ ದಿಕ್ಕಿಗೇ ಸ್ವಲ್ಪ ತಿರುಗಿಸಿ ಮತ್ತೆ ನೋಡಿ. ಮುಗಿದ ಮೇಲೆ ಒತ್ತಡ ಪೂರ್ತಿ ಇಳಿಸಿಯೇ ಟೆಸ್ಟರ್ ಬಿಚ್ಚಿ.

ಸೋರಿಕೆ ಎಲ್ಲಿದೆ ಎಂಬುದರ ಮೇಲೆ ಅದರ ಪರಿಣಾಮ ಬೇರೆ. ಏರ್ ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಟರ್ಬೊ ನಂತರ ಸೋರಿದರೆ, ಅಳೆದ ಗಾಳಿ ಎಂಜಿನ್ನಿಗೆ ತಲುಪದೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ. ಸೆನ್ಸರ್ ಮತ್ತು ಟರ್ಬೊ ನಡುವೆ ಸೋರಿದರೆ ಅಳೆಯದ ಗಾಳಿ ಒಳಗೆ ಬಂದು ಮಿಶ್ರಣ ತೆಳುವಾಗುತ್ತದೆ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ (ಇಸಿಯುವಿನ ಮ್ಯಾಪ್ ಬೇರೆ) ಮೇಲೆಯೇ ನಡೆಯುವ ಕಾರಿನಲ್ಲಿ ಲಕ್ಷಣ ಕಾಣುವುದೇ ಕಷ್ಟ. ಕೇಳಿದ ಬೂಸ್ಟ್ ಮುಟ್ಟಿಸಲು ಟರ್ಬೊ ಇನ್ನಷ್ಟು ವೇಗವಾಗಿ ಸುತ್ತುತ್ತದೆ. ಸಣ್ಣ ಟರ್ಬೊಗಳು ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿಗೆ ಹೋಗುವಂಥವು. ಅವನ್ನು ಮತ್ತೂ ಓಡಿಸಿದರೆ ಬೇರಿಂಗಿನ ಆಯುಷ್ಯ ಕರಗುತ್ತದೆ.

ಇಂಟರ್‌ಕೂಲರ್ ಜೋಡಣೆ

ಆರಿಸುವಾಗ ಎರಡು ಬಗೆ ಎದುರಾಗುತ್ತವೆ. ಬಾರ್ ಆಂಡ್ ಪ್ಲೇಟ್ ತೂಕದ್ದು; ಲೋಹ ಹೆಚ್ಚಿರುವುದರಿಂದ ಬಿಸಿ ಹೀರಿಕೊಳ್ಳುವ ಶಕ್ತಿ ಹೆಚ್ಚು. ಟ್ಯೂಬ್ ಆಂಡ್ ಫಿನ್ ಹಗುರ. ಹಿಂದಿರುವ ರೇಡಿಯೇಟರಿಗೆ ಗಾಳಿ ಹೆಚ್ಚು ಬಿಡುತ್ತದೆ. ರಸ್ತೆ ಕಾರಿಗೆ ಎರಡೂ ಸರಿ. ನಾನು ನೋಡುವುದು ಬೇರೆ ಮೂರು ವಿಷಯ: ಬಂಪರಿನ ಹಿಂದಿನ ಕ್ರ್ಯಾಶ್ ಬೀಮನ್ನು ಕೊಯ್ಯದೆ ಕೂರುತ್ತದೆಯೇ, ಮೂಲ ಬ್ರಾಕೆಟ್ಟುಗಳಿಗೇ ಸೇರುತ್ತದೆಯೇ, ತುದಿ ಟ್ಯಾಂಕುಗಳ ವೆಲ್ಡಿಂಗ್ ಶುಚಿಯಾಗಿದೆಯೇ. ಬೀಮ್ ಕೊಯ್ಯಿರಿ ಎನ್ನುವ ಕಿಟ್ಟನ್ನು ಎಷ್ಟೇ ಅಗ್ಗವಾದರೂ ಬಿಡಿ. ಡಿಕ್ಕಿಯಲ್ಲಿ ಪ್ರಾಣ ಕಾಯುವ ಕಬ್ಬಿಣ ಅದು.

ಮೊದಲ ಹಂತ ಬಂಪರ್ ಬಿಚ್ಚುವುದು. ಮೇಲ್ಗಡೆ ಗ್ರಿಲ್ಲಿನ ಸಾಲಿನಲ್ಲಿ, ಚಕ್ರದ ಕಮಾನಿನ ಒಳಗೆ, ಕೆಳಗೆ ಅಂಡರ್ ಟ್ರೇಯಲ್ಲಿ ಹೀಗೆ ಮೂರು ಕಡೆ ಸ್ಕ್ರೂ ಮತ್ತು ಕ್ಲಿಪ್ಪುಗಳಿರುತ್ತವೆ. ಎಲ್ಲ ಬಿಚ್ಚಿದ ಮೇಲೂ ಎರಡು ಮೂಲೆಗಳಲ್ಲಿ ಬಂಪರ್ ಹಿಡಿದುಕೊಂಡಿರುತ್ತದೆ. ಅಲ್ಲಿ ಹೊರಗೆ, ನಿಮ್ಮ ಕಡೆಗೆ ಎಳೆಯಬೇಕು. ಈ ಹೊತ್ತಿಗೆ ಇನ್ನೊಬ್ಬರು ಜೊತೆಗಿದ್ದರೆ ಒಳ್ಳೆಯದು. ಪೂರ್ತಿ ಹೊರಗೆಳೆಯುವ ಮುನ್ನ ಫಾಗ್ ಲ್ಯಾಂಪ್, ಪಾರ್ಕಿಂಗ್ ಸೆನ್ಸರ್ ವೈರುಗಳನ್ನು ಕನೆಕ್ಟರಿನಲ್ಲಿ ಬಿಡಿಸಿ. ಮುಂದೆ ರಾಡಾರ್ ಇರುವ ಕಾರಾದರೆ ಅದನ್ನು ಅದರ ಬ್ರಾಕೆಟ್ಟಿನಿಂದ ಅಲುಗಿಸಬೇಡಿ. ಅಲುಗಿದರೆ ಮತ್ತೆ ಕ್ಯಾಲಿಬ್ರೇಷನ್ ಮಾಡಿಸಬೇಕಾಗುತ್ತದೆ.

ಹಳೆ ಇಂಟರ್‌ಕೂಲರಿನ ಹೋಸುಗಳನ್ನು ಬಿಡಿಸುವಾಗ ಒಳಗೆ ತೆಳುವಾದ ಆಯಿಲ್ ಪದರ ಕಾಣುತ್ತದೆ. ಬ್ರೀದರಿನಿಂದ ಬರುವ ಆವಿಯದು, ಗಾಬರಿ ಬೇಡ. ಆದರೆ ಪೈಪನ್ನು ವಾಲಿಸಿದಾಗ ಆಯಿಲ್ ಧಾರೆಯಾಗಿ ಸುರಿದರೆ ಟರ್ಬೊದ ಸೀಲನ್ನೋ ಬ್ರೀದರ್ ವಾಲ್ವನ್ನೋ ಪರೀಕ್ಷಿಸಬೇಕು. ತೆರೆದ ಪ್ರತಿ ಬಾಯಿಗೂ ತಕ್ಷಣ ನಾರು ಬಿಡದ ಬಟ್ಟೆ ಕಟ್ಟಿ ಟೇಪ್ ಸುತ್ತಿ. ಒಂದು ವಾಷರ್ ಟರ್ಬೊದ ಬಾಯಿಗೆ ಬಿದ್ದರೆ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಕಂಪ್ರೆಸರ್ ಚಕ್ರದ ಕಥೆ ಮುಗಿಯಿತು.

ಎಸಿ ಕಂಡೆನ್ಸರ್ ಪಕ್ಕದಲ್ಲೇ ಇರುತ್ತದೆ. ಅದರ ಗ್ಯಾಸ್ ಪೈಪುಗಳನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಜಾಗ ಬೇಕಾದರೆ ಬೋಲ್ಟ್ ಸಡಿಲಿಸಿ, ಪೈಪ್ ಬಾಗದಷ್ಟು ಮಾತ್ರ ಸರಿಸಿ, ಹಗ್ಗದಿಂದ ಕಟ್ಟಿ ನಿಲ್ಲಿಸಿ.

ಹೊಸ ಇಂಟರ್‌ಕೂಲರನ್ನು ಪೆಟ್ಟಿಗೆಯಿಂದ ತೆಗೆದು ನೇರವಾಗಿ ಕೂಡಿಸಬೇಡಿ. ತಯಾರಿಕೆಯ ಹೊತ್ತಿನ ಅಲ್ಯೂಮಿನಿಯಂ ಪುಡಿ, ವೆಲ್ಡಿಂಗ್ ಚೂರು ಒಳಗೆ ಉಳಿದಿರಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಎರಡೂ ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ, ಬಿಳಿ ಬಟ್ಟೆಯ ಮೇಲೆ ಸುರಿಯಿರಿ. ಬಟ್ಟೆಯ ಮೇಲೆ ಹೊಳೆಯುವ ಕಣಗಳು ಬರುವುದು ನಿಲ್ಲುವವರೆಗೂ ಮತ್ತೆ ಮತ್ತೆ ಮಾಡಿ. ಆಮೇಲೆ ಗಾಳಿ ಹೊಡೆದು ಪೂರ್ತಿ ಒಣಗಿಸಿ. ಈ ಕೆಲಸ ಹತ್ತಿರದಲ್ಲಿ ಬೆಂಕಿ ಇಲ್ಲದ, ಗಾಳಿಯಾಡುವ ಜಾಗದಲ್ಲಿ ನಡೆಯಲಿ.

ಈಗ ಕೂಡಿಸುವ ಸರದಿ. ಇಂಟರ್‌ಕೂಲರನ್ನು ಬ್ರಾಕೆಟ್ಟುಗಳಲ್ಲಿ ಕೂರಿಸಿ ಬೋಲ್ಟುಗಳನ್ನು ಕೈಯಲ್ಲೇ ತಿರುಗಿಸಿ ನಿಲ್ಲಿಸಿ, ಬಿಗಿ ಮಾಡಬೇಡಿ. ಪೈಪು ಮತ್ತು ಸಿಲಿಕೋನ್ ಕಪ್ಲರುಗಳನ್ನೂ ಹಾಗೆಯೇ ಸಡಿಲವಾಗಿ ಜೋಡಿಸಿ. ಎಲ್ಲವೂ ಎಳೆತವಿಲ್ಲದೆ ಒಂದು ಸಾಲಿಗೆ ಬಂದ ಮೇಲೆ ಮೊದಲು ಬ್ರಾಕೆಟ್, ಆಮೇಲೆ ಕ್ಲ್ಯಾಂಪ್ ಬಿಗಿ ಮಾಡಿ. ಪೈಪನ್ನು ಎಳೆದು ಹಿಡಿದು ಕ್ಲ್ಯಾಂಪ್ ಬಿಗಿದರೆ ಬೂಸ್ಟ್ ಬಂದಾಗ ಅದು ತನ್ನ ಜಾಗಕ್ಕೆ ಮರಳಲು ನೋಡುತ್ತದೆ, ಕಪ್ಲರ್ ಕಳಚುತ್ತದೆ.

ಕಪ್ಲರ್ ಮತ್ತು ಪೈಪಿನ ತುದಿಗಳನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ ಒಣಗಿಸಿ. ಗ್ರೀಸ್, ಆಯಿಲ್ ಹಚ್ಚಬೇಡಿ. ಪೈಪಿನ ತುದಿಯಲ್ಲಿ ಉಬ್ಬಿದ ಬಳೆಯಂಥ ಅಂಚು ಇರುತ್ತದೆ. ಕ್ಲ್ಯಾಂಪ್ ಆ ಉಬ್ಬಿನ ಹಿಂದೆ ಕೂರಬೇಕು, ಅದರ ಮೇಲಲ್ಲ. ಸಿಲಿಕೋನಿಗೆ ಟಿ-ಬೋಲ್ಟ್ ಕ್ಲ್ಯಾಂಪ್ ಒಳ್ಳೆಯದು. ಸ್ಕ್ರೂ ತಿರುಗಿಸುವ ಸಾಮಾನ್ಯ ಹೋಸ್ ಕ್ಲ್ಯಾಂಪಿನ ಪಟ್ಟಿಯಲ್ಲಿ ಸೀಳುಗಳಿದ್ದು, ಬಿಗಿದಾಗ ಮೆತ್ತನೆಯ ಸಿಲಿಕೋನ್ ಅವುಗಳಲ್ಲಿ ಉಬ್ಬಿ ಕತ್ತರಿಸಿಹೋಗುತ್ತದೆ. ಹಾಗೆಂದು ಟಿ-ಬೋಲ್ಟನ್ನು ಶಕ್ತಿಯಿದ್ದಷ್ಟೂ ಬಿಗಿಯಬಾರದು. ತಯಾರಕರು ಕೊಟ್ಟ ಟಾರ್ಕಿಗೆ ನಿಲ್ಲಿಸಿ. ಒಮ್ಮೆ ಬಿಸಿಯಾಗಿ ತಣ್ಣಗಾದ ಮೇಲೆ ಸಿಲಿಕೋನ್ ಸ್ವಲ್ಪ ಕೂರುತ್ತದೆ, ಆಗ ಮತ್ತೊಮ್ಮೆ ನೋಡಲೇಬೇಕು.

ಕ್ಲಿಪ್ ಒತ್ತಿ ಕೂಡಿಸುವ ಬಗೆಯ ಪೈಪಾದರೆ ಒಳಗಿನ ಓ-ರಿಂಗ್ ಹೊಸದು ಹಾಕಿ. ಪೈಪ್ ಕೂತಾಗ ಟಕ್ ಎಂಬ ಸದ್ದು ಬರಬೇಕು. ಬಂದ ಮೇಲೂ ಹಿಂದಕ್ಕೆ ಎಳೆದು ನೋಡಿ.

ಬಂಪರ್ ಹಾಕುವ ಮುನ್ನವೇ ಸೋರಿಕೆ ಪರೀಕ್ಷೆ ಮತ್ತೆ ಮಾಡಿ.

ಇಂಟೇಕ್ ಮತ್ತು ಬ್ಲೋ-ಆಫ್ ವಾಲ್ವ್

ಇಂಟೇಕಿನಲ್ಲಿ ಎರಡೇ ಎಚ್ಚರ. ಏರ್ ಫ್ಲೋ ಸೆನ್ಸರ್ ಕೂರುವ ಪೈಪಿನ ಒಳವ್ಯಾಸ ಮೂಲದಷ್ಟೇ ಇರಬೇಕು. ಇಲ್ಲದಿದ್ದರೆ ಸೆನ್ಸರ್ ಹೇಳುವ ಅಂಕಿ ಸುಳ್ಳಾಗುತ್ತದೆ, ಟ್ಯೂನಿನಲ್ಲೇ ಸರಿಪಡಿಸಬೇಕಾಗುತ್ತದೆ. ಫಿಲ್ಟರ್ ಎಂಜಿನ್ನಿನ ಬಿಸಿ ಗಾಳಿ ಎಳೆಯುವಂತಿದ್ದರೆ ಸುತ್ತ ತಡೆ ಬೇಕು. ಎಣ್ಣೆ ಹಚ್ಚುವ ಫಿಲ್ಟರಿಗೆ ಎಣ್ಣೆ ಅತಿಯಾದರೆ ಅದು ಹಾರಿ ಸೆನ್ಸರಿನ ತಂತಿಗೆ ಅಂಟುತ್ತದೆ.

ಬ್ಲೋ-ಆಫ್ ವಾಲ್ವ್ ಬದಲಿಸಿದರೆ ಶಬ್ದ ಬರುತ್ತದೆ. ಮೂಲ ವಾಲ್ವ್ ಚೆನ್ನಾಗಿದ್ದರೆ ಬಲ ಬರುವುದಿಲ್ಲ. ಏರ್ ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಗಾಳಿಯನ್ನು ಹೊರಗೆ ಬಿಡುವ ಬಗೆ ಹಾಕಿದರೆ, ಗೇರ್ ಬದಲಿಸಿದಾಗಲೆಲ್ಲ ಅಳೆದ ಗಾಳಿ ಕಾಣೆಯಾಗಿ ಪೆಟ್ರೋಲ್ ಹೆಚ್ಚಾಗುತ್ತದೆ. ಗಾಳಿಯನ್ನು ಟರ್ಬೊದ ಬಾಯಿಗೆ ಮರಳಿಸುವ ಡೈವರ್ಟರ್ ಬಗೆಯೇ ನನ್ನ ಆಯ್ಕೆ.

ಡೌನ್‌ಪೈಪ್

ತುಕ್ಕು ಹಿಡಿದ ಬೋಲ್ಟುಗಳೊಂದಿಗಿನ ಕೆಲಸ ಇದು, ಆತುರ ಸಲ್ಲದು. ಹಿಂದಿನ ಸಂಜೆಯೇ ಎಲ್ಲ ನಟ್ಟು, ಸ್ಟಡ್, ಸೆನ್ಸರಿನ ಬುಡಕ್ಕೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ಬೆಳಗ್ಗೆ ಮತ್ತೊಮ್ಮೆ ಹಾಕಿ. ಬಿಚ್ಚುವಾಗ ನಟ್ ಸ್ವಲ್ಪ ತಿರುಗಿ ಗಟ್ಟಿಯಾದರೆ ಬಲವಂತ ಮಾಡದೆ, ಅರ್ಧ ಸುತ್ತು ಹಿಂದಕ್ಕೆ ಬಿಗಿದು, ಆಯಿಲ್ ಹಾಕಿ, ಮತ್ತೆ ಬಿಚ್ಚಿ. ಟರ್ಬೊ ಹೌಸಿಂಗಿನ ಸ್ಟಡ್ ಮುರಿದರೆ ಅರ್ಧ ದಿನದ ಕೆಲಸ ಒಂದು ವಾರದ್ದಾಗುತ್ತದೆ.

ಆಕ್ಸಿಜನ್ ಸೆನ್ಸರುಗಳನ್ನು ಮೊದಲು ಕನೆಕ್ಟರಿನಲ್ಲಿ ಬಿಡಿಸಿ, ಆಮೇಲೆ ಬಿಚ್ಚಿ. ತುದಿ ಕೆಳಗೆ ಬೀಳದಂತೆ, ಎಣ್ಣೆ ತಾಗದಂತೆ ಇಡಿ. ಮರುಜೋಡಣೆಯಲ್ಲಿ ಥ್ರೆಡ್ಡಿಗೆ ಮಾತ್ರ ಸೆನ್ಸರಿಗೆ ಒಗ್ಗುವ ಆ್ಯಂಟಿ-ಸೀಜ್ ತೆಳುವಾಗಿ ಹಚ್ಚಿ, ಕೈಯಲ್ಲೇ ಪೂರ್ತಿ ತಿರುಗಿಸಿ. 18 ಮಿ.ಮೀ. ಥ್ರೆಡ್ಡಿನ ಸೆನ್ಸರಿಗೆ ಸಾಮಾನ್ಯವಾಗಿ 40ರಿಂದ 50 ನ್ಯೂಟನ್ ಮೀಟರ್ ಸಾಕು. ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯ ಸಂಖ್ಯೆಯೇ ಅಂತಿಮ.

ಹಳೆ ಗ್ಯಾಸ್ಕೆಟ್ ಮರುಬಳಸಬೇಡಿ. ಮುಖಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಉದುರುವ ಪುಡಿ ಟರ್ಬೊದೊಳಗೆ ಹೋಗದಂತೆ ಬಟ್ಟೆ ತುರುಕಿ. ಆ ಬಟ್ಟೆ ತೆಗೆಯಲು ಮರೆಯದಂತೆ ಅದರ ಬಾಲ ಹೊರಗೆ ಕಾಣುವಂತಿರಲಿ. ಹೊಸ ಪೈಪನ್ನು ಪೂರ್ತಿ ಸಡಿಲವಾಗಿ ತೂಗುಹಾಕಿ, ರಬ್ಬರ್ ಹ್ಯಾಂಗರುಗಳು ನೇರವಾಗಿ ನಿಂತ ಮೇಲೆ ಟರ್ಬೊ ತುದಿಯಿಂದ ಶುರುಮಾಡಿ ಹಿಂದಕ್ಕೆ ಬಿಗಿ ಮಾಡುತ್ತಾ ಬನ್ನಿ. ವಿ-ಬ್ಯಾಂಡ್ ಕ್ಲ್ಯಾಂಪಾದರೆ ಬಿಗಿಯುತ್ತಿರುವಾಗ ಪ್ಲಾಸ್ಟಿಕ್ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ ಮತ್ತೆ ಬಿಗಿ ಮಾಡಿ. ಬ್ಯಾಂಡ್ ಸಮನಾಗಿ ಕೂರಲು ಇದೇ ಉಪಾಯ.

ಪೈಪಿಗೂ ವೈರು, ಬ್ರೇಕ್ ಪೈಪು, ಸ್ಟೀರಿಂಗ್ ರಾಡ್, ರಬ್ಬರ್ ಬೂಟುಗಳಿಗೂ ನಡುವೆ ಬೆರಳುಗಳು ಸಲೀಸಾಗಿ ಹೋಗುವಷ್ಟು ಅಂತರ ಇರಲಿ. ಎಂಜಿನ್ ತನ್ನ ಮೌಂಟಿನ ಮೇಲೆ ಅಲುಗುತ್ತದೆ ಎಂಬುದನ್ನು ಲೆಕ್ಕಕ್ಕೆ ತನ್ನಿ. ಮೂಲ ಹೀಟ್ ಶೀಲ್ಡುಗಳನ್ನೆಲ್ಲ ಮರಳಿ ಹಾಕಿ.

ಡೌನ್‌ಪೈಪ್ ಹಾಕಿದ ಮೇಲೆ ಮೂಲ ಮ್ಯಾಪಿನಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ. ಹೊಗೆಗೆ ತಡೆ ಕಡಿಮೆಯಾದರೆ ಟರ್ಬೊ ಬೇಗ ಸುತ್ತುತ್ತದೆ. ವೇಸ್ಟ್‌ಗೇಟಿಗೆ (ಹೆಚ್ಚಾದ ಹೊಗೆಯನ್ನು ಬೇರೆ ದಾರಿಗೆ ಬಿಟ್ಟು ಬೂಸ್ಟನ್ನು ಮಿತಿಯಲ್ಲಿಡುವ ಬಾಗಿಲಿಗೆ) ಹಿಡಿತ ತಪ್ಪಿ ಬೂಸ್ಟ್ ಗುರಿ ಮೀರಬಹುದು. ಟರ್ಬೊವನ್ನೇ ಬದಲಿಸುವ ಕೆಲಸ ಮನೆಯ ಮೊದಲ ಕೆಲಸವಾಗುವುದು ಬೇಡ. ಆಯಿಲ್ ಪೈಪು, ಕೂಲೆಂಟ್ ಪೈಪು, ಸ್ಟಾರ್ಟ್ ಮಾಡುವ ಮುನ್ನ ಬೇರಿಂಗಿಗೆ ಆಯಿಲ್ ತುಂಬುವುದು ಇವೆಲ್ಲ ತಪ್ಪಿದರೆ ಹೊಸ ಟರ್ಬೊ ಕ್ಷಣಗಳಲ್ಲಿ ಹಾಳಾಗುತ್ತದೆ.

ಮೊದಲ ಸ್ಟಾರ್ಟ್

ಬಟ್ಟೆ, ಟೇಪು, ಸ್ಪ್ಯಾನರ್ ಎಲ್ಲ ಹೊರಬಂದಿವೆಯೇ ಎಂದು ನೋಡಿ. ಬ್ರೀದರ್ ಹೋಸ್ ಮರಳಿ ಹಾಕಿ, ಆಯಿಲ್ ಮುಚ್ಚಳ ಮುಚ್ಚಿ, ಕಾರನ್ನು ಬಯಲಿಗೆ ತನ್ನಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬಾರದು, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಬ್ಯಾಟರಿ ಬಿಚ್ಚಿದ್ದರಿಂದ ಐಡಲ್ ಸ್ವಲ್ಪ ಹೊತ್ತು ಏರಿಳಿಯಬಹುದು. ಹೊಸ ಡೌನ್‌ಪೈಪಿನ ಮೇಲಿನ ಎಣ್ಣೆ ಸುಟ್ಟು ಹೊಗೆ ಬರುತ್ತದೆ, ಕೆಲವು ನಿಮಿಷಗಳಲ್ಲಿ ನಿಲ್ಲಬೇಕು. ಎಂಜಿನ್ ತಣ್ಣಗಿರುವಾಗಲೇ ಟಿಕ್ ಟಿಕ್ ಸದ್ದಿಗೆ ಕಿವಿಗೊಡಿ. ಅದು ಎಕ್ಸಾಸ್ಟ್ ಕೀಲಿನ ಸೋರಿಕೆ, ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಅಡಗಿಬಿಡುತ್ತದೆ. ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಇಂಥ ಸೋರಿಕೆ ಇದ್ದರೆ ಹೊರಗಿನ ಗಾಳಿ ಒಳಬಂದು ಸೆನ್ಸರನ್ನು ದಾರಿ ತಪ್ಪಿಸುತ್ತದೆ. ವ್ಯಾಕ್ಯೂಮ್ ಮತ್ತು ಫ್ಯುಯೆಲ್ ಟ್ರಿಮ್ ನೋಡಿ, ಮೊದಲು ಬರೆದಿಟ್ಟ ಅಂಕಿಗಳೊಂದಿಗೆ ಹೋಲಿಸಿ.

ಟ್ಯೂನ್ ಮತ್ತು ಲಾಗ್

ಟ್ಯೂನ್ ಮಾಡುವವರಿಗೆ ನಿಮ್ಮ ಕಾರಿನಲ್ಲಿರುವ ಭಾಗಗಳ ಪಟ್ಟಿ, ನೀವು ಹಾಕಿಸುವ ಪೆಟ್ರೋಲಿನ ಆಕ್ಟೇನ್ ನಿಖರವಾಗಿ ಹೇಳಿ. ಕಡಿಮೆ ಆಕ್ಟೇನಿನ ಪೆಟ್ರೋಲಿಗೆ ಹೆಚ್ಚು ಆಕ್ಟೇನಿನ ಮ್ಯಾಪ್ ಹಾಕಿದರೆ ನಾಕ್ ಆಗುವ ಸಾಧ್ಯತೆ ಬಹಳ ಹೆಚ್ಚು. ಪೂರ್ತಿ ಬೂಸ್ಟಿನ ಪರೀಕ್ಷೆ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಬಲ ಅಳೆಯುವ ಯಂತ್ರ) ಮೇಲೆ ಅಥವಾ ಮುಚ್ಚಿದ ಟ್ರ್ಯಾಕಿನಲ್ಲಿ ನಡೆಯಲಿ, ಸಾರ್ವಜನಿಕ ರಸ್ತೆಯಲ್ಲಿ ಬೇಡ.

ಲಾಗಿನಲ್ಲಿ ನಾಲ್ಕನ್ನು ನೋಡಿ. ಕೇಳಿದ ಬೂಸ್ಟಿಗೂ ಸಿಕ್ಕ ಬೂಸ್ಟಿಗೂ ಅಂತರ ಎಷ್ಟು? ಸಿಕ್ಕಿದ್ದು ಸತತವಾಗಿ ಕಡಿಮೆಯಿದ್ದರೆ ಮತ್ತೆ ಸೋಪಿನ ನೀರು ಹಿಡಿಯಿರಿ. ಇಂಟೇಕ್ ಗಾಳಿಯ ಬಿಸಿ ಹೊರಗಿನ ಬಿಸಿಗಿಂತ ಎಷ್ಟು ಏರುತ್ತದೆ, ಎಷ್ಟು ಬೇಗ ಇಳಿಯುತ್ತದೆ? ಇಂಟರ್‌ಕೂಲರ್ ಕೆಲಸ ಮಾಡುತ್ತಿದೆಯೇ ಎಂಬುದಕ್ಕೆ ಇದೇ ಸಾಕ್ಷಿ. ಇಗ್ನಿಷನ್ ಟೈಮಿಂಗನ್ನು ಇಸಿಯು ಹಿಂದಕ್ಕೆಳೆಯುತ್ತಿದೆಯೇ, ಅಂದರೆ ಕಿಡಿ ಹೊತ್ತುವುದನ್ನು ತಡ ಮಾಡುತ್ತಿದೆಯೇ? ಎಳೆಯುತ್ತಿದ್ದರೆ ನಾಕ್ ಸೆನ್ಸರಿಗೆ ಏನೋ ಕೇಳಿಸಿದೆ, ಆಕ್ಸಿಲರೇಟರ್ ಬಿಡಿ. ಪೂರ್ತಿ ಬೂಸ್ಟಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಅನುಪಾತ ಎಷ್ಟು? ಸಾಮಾನ್ಯ ಓಟದ 14.7ಕ್ಕಿಂತ ಅದು ದಟ್ಟವಾಗಿರಬೇಕು, ಅಂದರೆ ಪೆಟ್ರೋಲ್ ಹೆಚ್ಚಿದ್ದು ಅಂಕಿ ಚಿಕ್ಕದಾಗಿರಬೇಕು. ಎಷ್ಟೆಂಬುದು ಎಂಜಿನ್ನಿನ ಮೇಲೆ ಹೋಗುತ್ತದೆ, 11.5ರಿಂದ 12.5ರ ನಡುವಿನ ಗುರಿ ಸಾಮಾನ್ಯ.

ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಇರುವವರಿಗೆ ಇನ್ನೊಂದು ಮಾತು. ಮೇಲಿನ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುವ ಅಭ್ಯಾಸ ಬಿಡಿ. ಕಿಡಿ ಹೊತ್ತುವ ಮುನ್ನವೇ ಮಿಶ್ರಣ ತಾನಾಗಿ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯ ಈ ಬಗೆಯ ಎಂಜಿನ್ನುಗಳಲ್ಲಿ ಅಲ್ಲೇ ಹೆಚ್ಚು. ಟಾರ್ಕ್ ಏರಿದ ಮೇಲೆ ಕ್ಲಚ್ಚನ್ನೂ ಗಮನಿಸಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಅದು ಜಾರುತ್ತಿದೆ. ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್, ಟಯರುಗಳ ಸ್ಥಿತಿಯನ್ನು ಬಲ ಹೆಚ್ಚಿಸುವ ಮುನ್ನವೇ ಸರಿಮಾಡಿಕೊಂಡಿರಬೇಕು.

ಆಮೇಲಿನ ತಪಾಸಣೆ

ಮೊದಲ ಓಡಾಟದ ನಂತರ ಎಂಜಿನ್ ಪೂರ್ತಿ ತಣ್ಣಗಾದಾಗ ಎಲ್ಲ ಕ್ಲ್ಯಾಂಪುಗಳನ್ನೂ ಡೌನ್‌ಪೈಪಿನ ನಟ್ಟುಗಳನ್ನೂ ಟಾರ್ಕ್ ರೆಂಚ್ ಹಿಡಿದು ಮತ್ತೆ ಪರೀಕ್ಷಿಸಿ. ಬಿಗಿ ಮಾಡಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿಟ್ಟರೆ, ಮುಂದೆ ಬಾನೆಟ್ ಎತ್ತಿದಾಗ ಗೆರೆ ಮುರಿದಿರುವ ಬೋಲ್ಟ್ ಸಡಿಲವಾಗಿದೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಕಪ್ಲರಿನ ಹೊರಗೆ ಆಯಿಲ್ ಕಲೆ ಮೂಡಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ ಎಂದೇ ತಿಳಿಯಿರಿ. ಬಿಚ್ಚಿದ ಮೂಲ ಭಾಗಗಳನ್ನು ಎಸೆಯಬೇಡಿ. ಒರೆಸಿ, ಬಾಯಿಗಳಿಗೆ ಟೇಪ್ ಸುತ್ತಿ, ಅವುಗಳ ಬೋಲ್ಟುಗಳ ಸಮೇತ ಒಂದೇ ಪೆಟ್ಟಿಗೆಯಲ್ಲಿ ಎತ್ತಿಡಿ. ಹೊಸ ಭಾಗ ಕೈಕೊಟ್ಟ ದಿನ, ಇಲ್ಲವೇ ಕಾರು ಮಾರುವ ದಿನ ಬೇಕಾಗುತ್ತವೆ.